ಮಧ್ಯಾಹ್ನ ಗಿಡ ಬಾಡಿದ ತಕ್ಷಣ ವಾಲ್ವ್ ತಿರುಗಿಸ್ಬೇಡಿ ಸ್ವಾಮಿ

ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ) ಬೆಳೆಗಳಿಗೆ ಸಲಹೆ ಕೊಡೋದು ನನ್ನ ಕೆಲಸ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಓಡಾಡ್ತೀನಿ, ಜಾಸ್ತಿ ಕಲರ್ ಕ್ಯಾಪ್ಸಿಕಂ, ಸ್ವಲ್ಪ ಗುಲಾಬಿ, ಅಲ್ಲೊಂದು ಇಲ್ಲೊಂದು ಜರ್ಬೆರಾ. ಮಾರ್ಚ್ ಬಂತು ಅಂದ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಬರೋ ಫೋನೆಲ್ಲಾ ಒಂದೇ ತರ, "ಸಾರ್ ಗಿಡ ಎಲ್ಲಾ ಜೋತ್ಬಿದ್ದವೆ, ಡ್ರಿಪ್ ಬಿಟ್ಟಿದೀನಿ, ಇನ್ನೇನ್ ಮಾಡ್ಲಿ". ನೀರು ಬಿಟ್ಟಾದ್ಮೇಲೆ ಫೋನ್ ಮಾಡ್ತಾರೆ ನೋಡಿ, ಬಿಡೋಕೆ ಮುಂಚೆ ಯಾರೂ ಮಾಡಲ್ಲ.

ಗಿಡ ಬಾಡಿದೆ ಅಂದ್ರೆ ಅದು ಹೀರ್ಕೊಳ್ಳೋ ನೀರಿಗಿಂತ ಬಿಡೋ ನೀರು ಜಾಸ್ತಿ ಆಗಿದೆ ಅಂತ, ಅಷ್ಟೇ. ಬೆಡ್ಡಲ್ಲಿ ನೀರಿಲ್ಲ ಅಂತ ಅಲ್ಲ. ಬೇರು ಹೀರೋ ನೀರಲ್ಲಿ ನೂರಕ್ಕೆ 95 ಭಾಗಕ್ಕಿಂತ ಜಾಸ್ತಿ ಎಲೆ ಮೂಲಕ ಆವಿಯಾಗಿ ಹೊರಗೇ ಹೋಗತ್ತೆ, ಗಿಡ ತನ್ನ ಮೈಗೆ ಇಟ್ಕೊಳ್ಳೋದು ಬಹಳ ಕಮ್ಮಿ. ಹಾಗಾಗಿ ಎಷ್ಟು ನೀರು ಬೇಕು ಅಂತ ತೀರ್ಮಾನ ಮಾಡೋದು ಮಣ್ಣಿಗಿಂತ ಗಾಳಿ. ಬೆಳಿಗ್ಗೆ ಪಾಲಿಹೌಸ್ ಒಳಗೆ 22 ಡಿಗ್ರಿ, ತೇವಾಂಶ 80 ಪರ್ಸೆಂಟ್ ಇತ್ತು ಅಂದ್ಕೊಳ್ಳಿ. ಅದೇ ಗಾಳಿ, ಅದರಲ್ಲಿರೋ ನೀರಿನಂಶ ಒಂಚೂರೂ ಕಮ್ಮಿ ಆಗದೆ, ಮಧ್ಯಾಹ್ನ 38ಕ್ಕೆ ಕಾದ್ರೆ ಮೀಟರಲ್ಲಿ ತೇವಾಂಶ 32ರ ಹತ್ರ ತೋರಿಸತ್ತೆ. ಬಿಸಿ ಗಾಳಿಗೆ ಆವಿ ಹಿಡ್ಕೊಳ್ಳೋ ತಾಕತ್ತು ಜಾಸ್ತಿ, ಅದಕ್ಕೆ ಎಲೆಯಿಂದ ಎಳೆಯೋ ಜೋರೂ ಜಾಸ್ತಿ. ಇದನ್ನ ನಾವು ವಿಪಿಡಿ (ವೇಪರ್ ಪ್ರೆಶರ್ ಡೆಫಿಸಿಟ್, ಅಂದ್ರೆ ಗಾಳಿ ಇನ್ನೂ ಎಷ್ಟು ಆವಿ ಹಿಡ್ಕೊಳ್ಳಬಹುದು ಅನ್ನೋದು) ಅಂತೀವಿ, ಲೆಕ್ಕ ಕಿಲೋಪಾಸ್ಕಲ್‌ನಲ್ಲಿ. ಕ್ಯಾಪ್ಸಿಕಂಗೆ 1ರ ಆಸುಪಾಸು ಇದ್ರೆ ಆರಾಮ, ನಾನು ಹೇಳಿದ ಆ ಬೆಳಿಗ್ಗೆ ಅದು ಅರ್ಧ ಇದ್ದಿದ್ದು ಮಧ್ಯಾಹ್ನಕ್ಕೆ ನಾಲ್ಕೂವರೆ ಆಗಿರತ್ತೆ. ಕಾಂಡದೊಳಗಿನ ಪೈಪಿಗೆ ಅಷ್ಟು ಸ್ಪೀಡಲ್ಲಿ ನೀರು ಸಾಗಿಸಕ್ಕಾಗಲ್ಲ, ಬೆಡ್ಡಲ್ಲಿ ಕೆರೆ ತುಂಬಿದ್ರೂ ಆಗಲ್ಲ.

ಆಗ ಗಿಡ ಏನ್ ಮಾಡತ್ತೆ ಅಂದ್ರೆ ಎಲೆಯಲ್ಲಿರೋ ಪತ್ರರಂಧ್ರಗಳನ್ನ ಮುಚ್ಕೊಳತ್ತೆ. ಆ ರಂಧ್ರದ ಎರಡೂ ಕಡೆ ಇರೋ ಕಾವಲು ಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಹೋಗತ್ತೆ, ಅದರ ಹಿಂದೆ ನೀರೂ ಹೋಗತ್ತೆ, ಕೋಶ ಸಡಿಲ ಆಗಿ ಬಾಗಿಲು ಮುಚ್ಚತ್ತೆ, ಇದಕ್ಕೆ ಸಿಗ್ನಲ್ ಕೊಡೋದು ಅಬ್ಸಿಸಿಕ್ ಆಸಿಡ್ ಅನ್ನೋ ಹಾರ್ಮೋನು. ನೀರು ಉಳೀತು ಸರಿ, ಆದ್ರೆ ಅದೇ ಬಾಗಿಲಿಂದ ಕಾರ್ಬನ್ ಡೈಆಕ್ಸೈಡ್ ಒಳಗೆ ಬರಬೇಕಿತ್ತು, ಅದೂ ನಿಂತೋಯ್ತು, ಅಂದ್ರೆ ಒಳ್ಳೆ ಬಿಸಿಲಿರೋ ಹೊತ್ತಲ್ಲೇ ಗಿಡ ಅಡುಗೆ ನಿಲ್ಲಿಸಿ ಕೂತಿರತ್ತೆ. ಜೊತೆಗೆ ಆವಿ ಹೋಗ್ತಾ ಎಲೆ ತಣ್ಣಗಾಗ್ತಿತ್ತಲ್ಲ, ಆ ಕೂಲಿಂಗೂ ಬಂದ್.

ಈ ಕೂಲಿಂಗ್ ವಿಷಯ ಫೀಲ್ಡಲ್ಲಿ ತುಂಬಾ ಕೆಲಸಕ್ಕೆ ಬರತ್ತೆ. ನನ್ನ ಬ್ಯಾಗಲ್ಲಿ ಒಂದು ಇನ್‌ಫ್ರಾರೆಡ್ ಗನ್ ಇರತ್ತೆ, ಕೋವಿಡ್ ಟೈಮಲ್ಲಿ ಹಣೆಗೆ ಹಿಡೀತಿದ್ರಲ್ಲ ಆ ಜಾತಿದೇ, ಆದ್ರೆ ಇಂಡಸ್ಟ್ರಿಯಲ್ ಟೈಪು (ಹಣೆದು ತರ್ಬೇಡಿ, ಅದರ ರೇಂಜು ಸಾಲಲ್ಲ). ಬಿಸಿಲು ಬೀಳ್ತಿರೋ ಎಲೆಗೆ ಹತ್ತಿರದಿಂದ ಹಿಡಿದು ನೋಡಿ, ಪಕ್ಕದಲ್ಲಿ ನೆರಳಲ್ಲಿ ಗಾಳಿ ಟೆಂಪರೇಚರ್ ನೋಡಿ. ಗಾಳಿ 34, ಎಲೆ 32 ಅಂದ್ರೆ ಬಾಗಿಲು ತೆರೆದಿದೆ, ಗಿಡ ಕೆಲಸ ಮಾಡ್ತಿದೆ. ಗಾಳಿ 36, ಎಲೆ 39 ಬಂತು ಅಂದ್ರೆ ಮುಚ್ಕೊಂಡಿದೆ. ತಮಾಷೆ ಏನಂದ್ರೆ ಎಷ್ಟೋ ಸಲ ಬಾಡಿದಂಗೆ ಕಾಣ್ದೇ ಇರೋ ಗಿಡದಲ್ಲೂ ಎಲೆ ಬಿಸಿ ಇರತ್ತೆ, ಮಾಲೀಕರಿಗೆ ಎಲ್ಲಾ ಹಸಿರಾಗಿ ಚೆನ್ನಾಗಿ ಕಾಣತ್ತೆ, ಇಳುವರಿ ಮಾತ್ರ ಬರಲ್ಲ, ಆಮೇಲೆ ಬೀಜದ ಕಂಪನಿನ ಬೈಯ್ತಾರೆ.

ಇಂಥ ಟೈಮಲ್ಲಿ ಬೇಕಾಗಿರೋದು ಗಾಳಿ ಸರಿ ಮಾಡೋದು. 11ರಿಂದ 3ರವರೆಗೆ ಶೇಡ್ ನೆಟ್ ಎಳೀರಿ, ಫಾಗರ್ (ಮಂಜಿನಂಥ ಸಣ್ಣ ಹನಿ ಚಿಮ್ಮಿಸೋದು) ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ಓಡಿಸಿ, ಓಡಾಡೋ ದಾರಿಗೆ ನೀರು ಹೊಡೀರಿ. ಫಾಗರ್ ಓಡಿಸುವಾಗ ಮೇಲಿನ ವೆಂಟ್, ಸೈಡ್ ಕರ್ಟನ್ ತೆಗೆದಿರ್ಬೇಕು, ಎಲ್ಲಾ ಮುಚ್ಚಿ ಫಾಗ್ ಹೊಡೆದ್ರೆ ಗಾಳಿಲಿ ಆವಿ ತುಂಬೋಗಿ ಎಲೆಯಿಂದ ಆವಿನೇ ಹೋಗಲ್ಲ, ಅದು ಇನ್ನೊಂದು ತರದ ಕಷ್ಟ. ಗೊಬ್ಬರದ ನೀರಿನ ಇಸಿ (ನೀರಲ್ಲಿ ಕರಗಿರೋ ಉಪ್ಪಿನ ಅಳತೆ) 2ರ ಹತ್ರ ಓಡಿಸ್ತಿದ್ದೋರು ಬೇಸಿಗೇಲಿ 1.5ರ ಕಡೆ ಇಳಿಸಿ, ಯಾಕಂದ್ರೆ ಗಿಡ ಬರೀ ನೀರು ಹೀರಿ ಉಪ್ಪನ್ನ ಬೇರಿನ ಹತ್ರಾನೇ ಬಿಡತ್ತೆ, ಅಲ್ಲಿ ಉಪ್ಪು ಜಾಸ್ತಿ ಆದಷ್ಟೂ ನೀರು ಎಳ್ಕೊಳ್ಳೋದು ಕಷ್ಟ.

ಕ್ಯಾಲ್ಸಿಯಂ ಕಥೆನೂ ಇಲ್ಲೇ ಬರೋದು. ಕಾಯಿ ತುದಿ ಕಪ್ಪಾಗಿ ಚರ್ಮದಂಗೆ ಕೂತ್ಕೊಳತ್ತಲ್ಲ, ಅದನ್ನ ನೋಡಿ ಎಲ್ಲರೂ ಕ್ಯಾಲ್ಸಿಯಂ ಸಾಲ್ತಿಲ್ಲ ಅಂತ ಇನ್ನೊಂದು ಚೀಲ ಕ್ಯಾಲ್ಸಿಯಂ ನೈಟ್ರೇಟ್ ಹಾಕ್ತಾರೆ. ನಮ್ಮ ಕಡೆ ಗಡಸು ಬೋರ್‌ವೆಲ್ ನೀರಲ್ಲೇ ಕ್ಯಾಲ್ಸಿಯಂ ಇರತ್ತೆ ಸ್ವಾಮಿ. ಕ್ಯಾಲ್ಸಿಯಂ ಹೋಗೋದು ಮೇಲಕ್ಕೆ ಹತ್ತೋ ನೀರಿನ ಜೊತೆ ಮಾತ್ರ, ಒಂದು ಸಲ ಎಲೆಗೆ ಸೇರಿದ್ದು ವಾಪಸ್ ಕಾಯಿಗೆ ಬರಲ್ಲ. ಎಲೆ ಆವಿ ಬಿಡತ್ತೆ, ಮೇಣದ ಪದರ ಇರೋ ಕಾಯಿ ಹೆಚ್ಚುಕಮ್ಮಿ ಬಿಡಲ್ಲ, ಅದಕ್ಕೆ ಒಣ ಗಾಳಿ ಇದ್ದಾಗ ನೀರೂ ಕ್ಯಾಲ್ಸಿಯಮ್ಮೂ ಎಲ್ಲಾ ಎಲೆ ಕಡೆಗೇ. ಕಾಯಿಗೆ ಅದರ ಪಾಲು ಸಿಗೋದು ಜಾಸ್ತಿ ರಾತ್ರಿ ಹೊತ್ತು, ಎಲೆ ಎಳೆಯೋದು ನಿಂತು ಬೇರೇ ಕೆಳಗಿಂದ ಒತ್ತಡ ಕೊಟ್ಟು ನೀರು ತಳ್ಳುವಾಗ. ಬೆಳಿಗ್ಗೆ ಆರು ಗಂಟೆಗೆ ಹೋದ್ರೆ ಎಲೆ ಅಂಚಲ್ಲಿ ಸಾಲಾಗಿ ಹನಿ ಕೂತಿರತ್ತೆ ನೋಡಿ, ಇಬ್ಬನಿ ಆದ್ರೆ ಎಲೆ ತುಂಬಾ ಇರತ್ತೆ, ಇದು ಅಂಚಲ್ಲಿ ಮಾತ್ರ. ಆ ಹನಿ ಇದ್ರೆ ಬೇರು ರಾತ್ರಿ ಡ್ಯೂಟಿ ಮಾಡಿದೆ ಅಂತ. ನಾನು ಹೊಸ ಹುಡುಗರಿಗೆ ಇಸಿ ಮೀಟರ್ ಹಿಡಿಯೋಕೆ ಮುಂಚೆ ಈ ಹನಿ ನೋಡೋದ್ನ ಹೇಳ್ಕೊಡ್ತೀನಿ.

ಇನ್ನು ನಿಜವಾಗ್ಲೂ ನೀರೇ ಕೊಲ್ಲೋ ಕೇಸು. ಬೇರಿಗೂ ಉಸಿರಾಡಕ್ಕೆ ಆಕ್ಸಿಜನ್ ಬೇಕು. ಬೆಡ್ಡು ಸದಾ ಚಪಚಪ ಅಂತಿದ್ರೆ ಆಕ್ಸಿಜನ್ ಹೋಗಲ್ಲ, ಆಗ ಬೇರಿನ ಕೋಶದಲ್ಲಿ ನೀರು ಒಳಗೆ ಬಿಡೋ ಚಾನೆಲ್‌ಗಳೇ ಮುಚ್ಕೊಳ್ತವೆ, ನೀರಲ್ಲೇ ನಿಂತಿರೋ ಗಿಡ ಬಾಯಾರಿ ಬಾಡತ್ತೆ. ಟೊಮ್ಯಾಟೊದಲ್ಲಿ ಇದು ಚೆನ್ನಾಗಿ ಕಾಣತ್ತೆ, ಎಲೆ ತೊಟ್ಟು ಕೆಳಕ್ಕೆ ಬಾಗಿರತ್ತೆ ಆದ್ರೆ ಎಲೆ ಮುಟ್ಟಿದ್ರೆ ಗಟ್ಟಿಯಾಗೇ ಇರತ್ತೆ. ಅದು ಬಾಡಿದ್ದಲ್ಲ, ಎಥಿಲೀನ್ ಜಾಸ್ತಿ ಆಗಿ ತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಬೇಗ ಬೆಳೆದು ಬಾಗಿರೋದು. ಇದಕ್ಕೆ ಮತ್ತೆ ಡ್ರಿಪ್ ಬಿಟ್ರೆ ಕಥೆ ಮುಗೀತು. ಒಂದು ಹಿಡಿ ಮಣ್ಣು ಬೇರಿನ ಆಳದಿಂದ ತೆಗೆದು ಹಿಂಡಿ, ಬೆರಳ ಸಂದಿಂದ ನೀರು ಬಂತು ಅಂದ್ರೆ ವಾಲ್ವ್ ಹತ್ರ ಹೋಗ್ಲೇಬೇಡಿ. ವಾಸನೆನೂ ನೋಡಿ, ಚರಂಡಿ ತರ ಬಂದ್ರೆ ಬೇರು ಕೊಳೀತಿದೆ.

ಮೂರನೇದು ಮಳೆಗಾಲದ್ದು, ಜನಕ್ಕೆ ತುಂಬಾ ಗಾಬರಿ ಆಗೋದು ಇದರಲ್ಲೇ. ಜುಲೈ ಆಗಸ್ಟಲ್ಲಿ ಒಂದು ವಾರ ಮೋಡ ಮುಚ್ಕೊಂಡಿರತ್ತೆ, ಆಮೇಲೆ ಒಂದಿನ ಬೆಳಿಗ್ಗೆ ಸುಡು ಬಿಸಿಲು, ಹತ್ತು ಗಂಟೆಗೆಲ್ಲಾ ತೋಟ ಪೂರ್ತಿ ತಲೆ ಬಗ್ಗಿಸಿರತ್ತೆ. ರೋಗ ಬಂತು ಅಂತ ಔಷಧಿ ಅಂಗಡಿಗೆ ಓಡ್ತಾರೆ. ಆ ಮೋಡದ ವಾರದಲ್ಲಿ ಬಂದ ಹೊಸ ಎಲೆ ಅಗಲ, ತೆಳು, ಮೇಲಿನ ಮೇಣದ ಪದರಾನೂ ತೆಳು, ಕಮ್ಮಿ ಬೆಳಕು ಹಿಡಿಯೋಕೆ ಅಂತ ಗಿಡ ಹಾಗೆ ಕಟ್ಟಿರತ್ತೆ, ಮತ್ತೆ ಸಕ್ಕರೆ ಕಮ್ಮಿ ತಯಾರಾಗಿದ್ರಿಂದ ಬೇರಿಗೆ ಊಟ ಸಿಕ್ಕಿರಲ್ಲ, ಹೊಸ ಬೇರು ಬಂದಿರಲ್ಲ. ದೊಡ್ಡ ಎಲೆ, ಸಣ್ಣ ಬೇರು, ಬಿಸಿಲು ಬಿತ್ತು. ಔಷಧಿ ಬೇಡ ಏನೂ ಬೇಡ, ಎರಡು ಮೂರು ದಿನ ನೆಟ್ ಎಳೆದು, ದಿನಾ ಒಂದೊಂದು ಗಂಟೆ ಜಾಸ್ತಿ ಬಿಸಿಲು ತೋರಿಸ್ತಾ ಬಂದ್ರೆ ಸುಧಾರಿಸ್ಕೊಳತ್ತೆ. ನರ್ಸರಿಯವರು ಸಸಿ ಕಳಿಸೋಕೆ ಮುಂಚೆ ಹೊರಗಿಟ್ಟು ಗಟ್ಟಿ ಮಾಡ್ತಾರಲ್ಲ, ಅದೇ ಲೆಕ್ಕ.

ಸಾಯಂಕಾಲ ಐದೂವರೆ ಆರಕ್ಕೆ ಗಿಡ ತಾನೇ ಎದ್ದು ನಿಂತಿದ್ಯಾ ಅನ್ನೋದು ನಾನು ಫೋನಲ್ಲಿ ಕೇಳೋ ಮೊದಲ ಪ್ರಶ್ನೆ. ಎದ್ದಿದ್ರೆ ಗಾಳಿ ಅಥವಾ ಬಿಸಿಲಿನ ಸಮಸ್ಯೆ. ಬೆಳಿಗ್ಗೆಗೂ ಎದ್ದಿಲ್ಲ ಅಂದ್ರೆ ಬೇರಿನದು, ಆಗ ನಾನೇ ಗಾಡಿ ತಗೊಂಡು ಹೊರಡ್ತೀನಿ.

ಚಳಿಗಾಲದ ಒಂದು ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ. ಡಿಸೆಂಬರ್ ಜನವರಿಲಿ ರಾತ್ರಿ 15ಕ್ಕಿಂತ ಕೆಳಗೆ ಹೋದ್ರೆ ಕ್ಯಾಪ್ಸಿಕಂ ಪರಾಗ ಸರಿಯಾಗಿ ಕೆಲಸ ಮಾಡಲ್ಲ, ಬೀಜ ಇಲ್ಲದ ಚಪ್ಪಟೆ ಕಾಯಿ ಬರತ್ತೆ, ಅದಕ್ಕೆ ಎಲ್ಲರೂ ಕರ್ಟನ್ ಮುಚ್ತಾರೆ, ಸರಿನೇ. ಆದ್ರೆ ಬೆಚ್ಚಗಿರ್ಲಿ ಅಂತ ಬೆಳಿಗ್ಗೆ ಹತ್ತರವರೆಗೂ ತೆಗೆಯಲ್ಲ. ಬಿಸಿಲು ಬಿದ್ದ ತಕ್ಷಣ ಗಿಡ ಒಳಗಿರೋ ಕಾರ್ಬನ್ ಡೈಆಕ್ಸೈಡ್ ತಿನ್ನೋಕೆ ಶುರು ಮಾಡತ್ತೆ, ಮುಚ್ಚಿದ ಮನೆಲಿ ಅದು ಹೊರಗಿನ ಮಟ್ಟಕ್ಕಿಂತ ಕೆಳಗೆ ಇಳೀತಾ ಹೋಗತ್ತೆ, ತುಂಬೋಕೆ ಗಾಳಿ ಬರ್ಬೇಕು. ನಾನು ಎಂಟೂವರೆಗೆ ಮೇಲಿನ ವೆಂಟ್ ಆದ್ರೂ ತೆಗೀರಿ ಅಂತೀನಿ, ಸೂಪರ್‌ವೈಸರುಗಳು ಚಳಿ ಸಾರ್ ಅಂತಾರೆ. ಗಿಡಕ್ಕಾ ನಿಮಗಾ ಅಂತ ಕೇಳಿದ್ರೆ ನಗ್ತಾರೆ.