ಹೋಗುವಾಗ ಕಡಲು, ಬರುವಾಗ ಹೊಳೆ: ಮಂಗಳೂರಿನಿಂದ ಮರವಂತೆಗೆ ಕ್ಯಾಮೆರಾ ಜೊತೆ

ಮರವಂತೆಯ ಆ ಫೋಟೊ ನೀವೂ ನೋಡಿರುತ್ತೀರಿ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ಗೆರೆ ಎಳೆದ ಹಾಗೆ ಹೆದ್ದಾರಿ. ಅಂಥ ಫೋಟೊ ತೆಗೆಯುವುದು ಡ್ರೋನ್‌ನಲ್ಲಿ. ರಸ್ತೆಯಲ್ಲಿ ನಿಂತವರಿಗೆ ಎರಡೂ ಒಂದೇ ಫ್ರೇಮಿನಲ್ಲಿ ಹಾಗೆ ಸಿಗುವುದಿಲ್ಲ. ಅಲ್ಲಿ ಇಳಿದು "ಇಷ್ಟೇನಾ?" ಅಂತ ಮುಖ ಸಣ್ಣ ಮಾಡಿಕೊಳ್ಳುವವರು ತುಂಬ ಜನ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನೆಲದ ಮೇಲೆ ನಿಂತು ತೆಗೆಯುವ ಫೋಟೊಗಳು ಬೇರೆಯೇ ಇವೆ. ಬೇಕಾದಷ್ಟಿವೆ.

ನಾವು ಗೆಳೆಯರು ಡಿಸೆಂಬರ್‌ನಲ್ಲಿ ಹೋಗಿದ್ದು. ಬೆಳಿಗ್ಗೆ ಮಂಗಳೂರು ಬಿಟ್ಟು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾಪು, ಉಡುಪಿ, ಕುಂದಾಪುರ ದಾಟಿ ಬೈಂದೂರಿನವರೆಗೆ, ರಾತ್ರಿ ವಾಪಸ್. ಕುಂದಾಪುರಕ್ಕೂ ಬೈಂದೂರಿಗೂ ನಡುವೆ ಸಿಗುವ ಮರವಂತೆಗೆ ಮಂಗಳೂರಿನಿಂದ ಸುಮಾರು 110 ಕಿ.ಮೀ. ಹೆಜಮಾಡಿಯಲ್ಲಿ ಒಂದು, ಸಾಸ್ತಾನದಲ್ಲಿ ಒಂದು ಟೋಲ್. ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ.

ಪ್ಲಾನ್ ಮಾಡುವಾಗ ಮುಖ್ಯವಾಗಿ ನೋಡಬೇಕಾದ್ದು ಬಿಸಿಲಿನ ದಿಕ್ಕು. ನಮ್ಮದು ಪಡುವಣ ಕರಾವಳಿ. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಬರುತ್ತಾನೆ, ಸಮುದ್ರಕ್ಕೆ ಮುಖ ಮಾಡಿದರೆ ಬೆಳಕು ನಿಮ್ಮ ಬೆನ್ನಿಗೆ. ನೀರು ನೀಲಿಯಾಗಿ ಬರುತ್ತದೆ, ಆಕಾಶ ಬಿಳುಚಿಕೊಳ್ಳುವುದಿಲ್ಲ. ಸಂಜೆ ಅದೇ ಸಮುದ್ರದ ಮುಂದೆ ಗೆಳೆಯರನ್ನು ನಿಲ್ಲಿಸಿದರೆ ಎಲ್ಲರೂ ಕಪ್ಪು ನೆರಳು. ಆಗ ಸುಮ್ನೆ ತಿರುಗಿ ನಿಂತುಕೊಳ್ಳಿ. ಹೊಳೆ, ಕುದ್ರು (ಹೊಳೆ ನಡುವಿನ ದ್ವೀಪ), ತೆಂಗಿನ ತೋಟ ಎಲ್ಲದರ ಮೇಲೂ ಬಂಗಾರದ ಬಿಸಿಲು ಬಿದ್ದಿರುತ್ತದೆ. ಮಜಾ ಏನೆಂದರೆ ರಸ್ತೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಉತ್ತರಕ್ಕೆ ಹೋಗುವಾಗ ಎಡಗಡೆ ಸಮುದ್ರ, ದಕ್ಷಿಣಕ್ಕೆ ಬರುವಾಗ ಎಡಗಡೆ ಹೊಳೆ. ಡಿವೈಡರ್ ಹಾರಿ ಓಡುವ ಕೆಲಸವೇ ಇಲ್ಲ. ಅಲ್ಲಿ ಬಸ್ಸು, ಲಾರಿ ಯಾವ ಸ್ಪೀಡಿನಲ್ಲಿ ಬರುತ್ತವೆ ಅಂತ ಗೊತ್ತಲ್ವಾ?

ಹಾಗಾಗಿ ಬೆಳಗಿನ ಮೊದಲ ನಿಲುಗಡೆ ಕಾಪು. ಬಂಡೆಯ ಮೇಲಿನ ಈ ದೀಪಸ್ತಂಭ 1901ರದ್ದು. ಎಲ್ಲರೂ ಇಲ್ಲಿಗೆ ಬರುವುದು ಸೂರ್ಯಾಸ್ತಕ್ಕೆ, ಮೇಲೆ ಹತ್ತಲು ಬಿಡುವುದೂ ಸಾಮಾನ್ಯವಾಗಿ ಸಂಜೆ ಹೊತ್ತಿಗೇ. ಆದರೆ ಗೋಪುರದ ಕಪ್ಪು ಬಿಳಿ ಪಟ್ಟೆಗಳು ಸರಿಯಾಗಿ ಕಾಣುವುದು ಬೆಳಿಗ್ಗೆ, ಮರಳಿನಲ್ಲಿ ನಿಂತು ತೆಗೆದಾಗ. ಜನರೂ ಕಡಿಮೆ. ಒದ್ದೆ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಚಪ್ಪಲಿ ಜಾರುತ್ತದೆ, ಹುಷಾರು.

ಕಾಪುವಿನಿಂದ ಮತ್ತೆ ಹೆದ್ದಾರಿಗೆ ಬರಬೇಡಿ. ಕೈಪುಂಜಾಲು, ಮಟ್ಟು, ಪಡುಕೆರೆ ಮೇಲೆ ಮಲ್ಪೆಗೆ ಹೋಗುವ ಕಡಲ ಬದಿಯ ರಸ್ತೆ ಹಿಡಿಯಿರಿ. ನನ್ನ ಕೇಳಿದರೆ ಫೋಟೊಗೆ ಇದು ಮರವಂತೆಗಿಂತ ಒಂದು ಕೈ ಮೇಲು. ಇಲ್ಲೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಆದರೆ ಲಾರಿಗಳ ಗಲಾಟೆ ಇಲ್ಲ. ರಸ್ತೆ ಕಿರಿದು, ಎರಡು ಕಾರು ಎದುರಾದರೆ ಒಬ್ಬರು ಬದಿಗೆ ಸರಿಯಬೇಕು. ಮನೆಗಳ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ. ಮೀನು ಒಣಗಿಸುವವರ, ಬಲೆ ಸರಿ ಮಾಡುವವರ ಫೋಟೊ ಬೇಕಾದರೆ ಮೊದಲು ಮಾತಾಡಿಸಿ. ಬಲೆ ಹೆಣೆಯುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ಪಕ್ಕದಲ್ಲೇ ಕೂರಿಸಿಕೊಂಡರು. ನೈಲಾನ್ ದಾರದ ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡಿ, ನಮ್ಮ ಕಡೆ ನೋಡದೆಯೇ ಗಂಟು ಹಾಕುತ್ತಾ ಹೋದರು. ಆ ಹೆಬ್ಬೆರಳಿನ ಫೋಟೊ ನನಗೆ ಆ ದಿನದ ಸಮುದ್ರದ ಫೋಟೊಗಳಿಗಿಂತ ಇಷ್ಟ. ಮಟ್ಟು ಅಂದರೆ ಗುಳ್ಳವೂ ಹೌದು. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕ ಬದನೆ. ಸೀಸನ್‌ನಲ್ಲಿ ಹೋದರೆ ಗದ್ದೆಗಳಲ್ಲಿ ತಿಳಿ ಹಸಿರು ಉಂಡೆಗಳು ನೇತಾಡುತ್ತಿರುತ್ತವೆ. ಕೇಳದೆ ಗದ್ದೆಗೆ ಇಳಿಯಬೇಡಿ.

ಮಲ್ಪೆಯಿಂದ ಬೋಟಿನಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪವನ್ನು ಇದೇ ದಿನಕ್ಕೆ ತುರುಕಬೇಡಿ. ಬೋಟಿಗೆ ಕಾಯುವುದರಲ್ಲೇ ಬೆಳಗಿನ ಬೆಳಕು ಮುಗಿಯುತ್ತದೆ. ಮಳೆಗಾಲದಲ್ಲಂತೂ ಬೋಟೇ ಇರುವುದಿಲ್ಲ.

ಉಡುಪಿಯಲ್ಲಿ ಬನ್ಸ್, ಗೋಳಿಬಜೆ ತಿಂದೇ ಮುಂದೆ ಹೋಗಿ. ಹಸಿದವನ ಮುಖ ಫೋಟೊದಲ್ಲಿ ಗೊತ್ತಾಗಿಬಿಡುತ್ತದೆ.

ಕ್ಯಾಮೆರಾ ವಿಷಯಕ್ಕೆ ಬಂದರೆ, ಇಲ್ಲಿ ಲೆನ್ಸ್‌ಗಿಂತ ಮುಖ್ಯ ಅದನ್ನು ಒರೆಸುವ ಬಟ್ಟೆ. ಎಸಿ ಕಾರಿನಿಂದ ಕಡಲ ಗಾಳಿಗೆ ಇಳಿದ ಕೂಡಲೇ ತಣ್ಣಗಿನ ಗಾಜಿನ ಮೇಲೆ ಹಬೆ ಕೂರುತ್ತದೆ. ನಮ್ಮಲ್ಲಿ ಕನ್ನಡಕ ಹಾಕುವವನು ಪ್ರತಿ ಸಲವೂ ಬಾಗಿಲು ಹಿಡಿದುಕೊಂಡೇ ನಿಲ್ಲುತ್ತಿದ್ದ, ಏನೂ ಕಾಣದೆ! ಇಳಿಯುವ ಹತ್ತು ಹದಿನೈದು ನಿಮಿಷ ಮೊದಲೇ ಎಸಿ ಆಫ್ ಮಾಡಿ ಕಿಟಕಿ ಇಳಿಸಿ, ಅಷ್ಟೇ ಸಾಕು. ಇನ್ನು ಅಲೆಯ ಉಪ್ಪು ನೀರಿನ ಹನಿ. ಒಣ ಬಟ್ಟೆಯಲ್ಲಿ ಗಸಗಸ ಉಜ್ಜಿದರೆ ಉಪ್ಪಿನ ಕಣ ಗೀರು ಹಾಕುತ್ತದೆ. ಮೊದಲು ಸ್ವಲ್ಪ ಲೆನ್ಸ್ ದ್ರಾವಣ ಹಾಕಿ ಮೆಲ್ಲಗೆ ಒರೆಸಿ. ಲೆನ್ಸ್ ಮುಂದೆ ಹಾಕುವ ಗಾಜು, ಯುವಿ ಫಿಲ್ಟರ್, ಇದ್ದರೆ ಇನ್ನೂ ಒಳ್ಳೆಯದು. ಮೊಬೈಲಿನವರಿಗೂ ಇದೇ ಮಾತು: ಮಸುಕು ಫೋಟೊಗಳಲ್ಲಿ ಅರ್ಧ ಬರೀ ಜಿಡ್ಡು. ಓಡುವ ಕಾರಿನಿಂದ ತೆಗೆಯುವುದಾದರೆ ಶಟರ್ ಸ್ಪೀಡ್ 1/1000 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಡ್ರೈವರ್‌ಗೆ ಮಾತ್ರ ಕ್ಯಾಮೆರಾ ಕೊಡಲೇಬೇಡಿ.

ಹೋಗುವಾಗ ಮರವಂತೆಯಲ್ಲಿ ಸಮುದ್ರದ ಫೋಟೊ ಮುಗಿಸಿ, ನಡು ಮಧ್ಯಾಹ್ನದ ಸುಡುಬಿಸಿಲನ್ನು ಊಟಕ್ಕೂ ಬೈಂದೂರಿನ ಒತ್ತಿನೆಣೆ ಗುಡ್ಡಕ್ಕೂ ಬಿಟ್ಟೆವು. ಸಂಜೆ ನಾಲ್ಕೂವರೆಗೆ ಮತ್ತೆ ಮರವಂತೆ, ಈ ಸಲ ಹೊಳೆಯ ಬದಿ. ಸೌಪರ್ಣಿಕಾ ಇಲ್ಲಿ ಸಮುದ್ರದ ಪಕ್ಕಕ್ಕೇ ಬಂದು, ಸೇರದೆ ತಿರುಗಿ, ದಕ್ಷಿಣಕ್ಕೆ ಗಂಗೊಳ್ಳಿಯ ಹತ್ತಿರ ಹೋಗಿ ಕಡಲಿಗೆ ಸೇರುತ್ತದೆ. ಅದಕ್ಕೇ ಇಲ್ಲಿ ನೀರು ಅಷ್ಟು ಶಾಂತ. ಜೂಮ್ ಲೆನ್ಸ್ ಇದ್ದರೆ ಇಲ್ಲಿ ತೆಗೆಯಿರಿ. ಗಾಳಿ ತಿಳಿಯಾಗಿದ್ದ ದಿನ ತೆಂಗಿನ ಸಾಲಿನ ಹಿಂದೆ ಕೊಡಚಾದ್ರಿಯ ಸಾಲು ಕಾಣುತ್ತದೆ, ಜೂಮ್ ಮಾಡಿದರೆ ಬೆಟ್ಟ ಹೊಳೆಯ ದಡಕ್ಕೇ ಬಂದು ನಿಂತ ಹಾಗಿರುತ್ತದೆ. ಯಾರಾದರೂ ಜಲ್ಲೆ ಊರಿ ದೋಣಿ ತಂದರೆ ಅವರು ಬೆಳಕಿನ ಪಟ್ಟಿಗೆ ಬರುವವರೆಗೆ ಕಾಯಿರಿ. ಲೆನ್ಸ್‌ಗೆ ಪೋಲರೈಸರ್ ಅನ್ನುವ, ತಿರುಗಿಸಬಹುದಾದ ಫಿಲ್ಟರ್ ಹಾಕಿದರೆ ನೀರಿನ ಹೊಳಪು ತಗ್ಗುತ್ತದೆ. ಆದರೆ ಪೂರ್ತಿ ತಿರುಗಿಸಿದರೆ ನೀರಲ್ಲಿ ಕಾಣುವ ತೆಂಗಿನ ಪ್ರತಿಬಿಂಬವೂ ಹೋಗುತ್ತದೆ.

ಸಮುದ್ರದ ಬದಿಗೆ ಹಾಕಿರುವ ದೊಡ್ಡ ಕಲ್ಲುಗಳ ಮೇಲೆ ಹತ್ತಿ ಸೆಲ್ಫಿ ತೆಗೆಯುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಕೈಗೆ ಎಲ್ಲರ ಬ್ಯಾಗ್ ಕೊಟ್ಟು ಕೆಳಗೇ ನಿಲ್ಲಿಸಿ. ಡ್ರೋನ್ ತರುವವರು, ಅದನ್ನು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಂಡೇ ಬನ್ನಿ.

ಮನೆಗೆ ಬಂದು ಟ್ರೈಪಾಡ್ ಕಾಲುಗಳನ್ನು ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಲಾಕ್ ಹಿಡಿದುಕೊಳ್ಳುತ್ತದೆ. ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹಾಗೇ ಕಳಿಸಿದರೆ ಕ್ವಾಲಿಟಿ ಹೋಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ. ಅಥವಾ ಎಲ್ಲರೂ ಒಂದೇ ಆಲ್ಬಂಗೆ ಹಾಕಿ, ಅದೂ ಅದೇ ವಾರ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.