ಅಟ್ಟದ ಹೀರೆಕಾಯಿ

ಬೆಳಿಗ್ಗೆ ಅಟ್ಟ ಗುಡಿಸುವಾಗ ಒಣಗಿದ ಹೀರೆಕಾಯಿ ಒಂದು ತಲೆ ಮೇಲೆ ಬಿತ್ತು. ಅಲ್ಲಾಡಿಸಿದರೆ ಗಿಲಗಿಲ ಅಂತು. ಅಮ್ಮ ಬೀಜಕ್ಕೆ ಅಂತ ಬಳ್ಳಿಯಲ್ಲೇ ಬಿಟ್ಟಿದ್ದ ನಾಟಿ ಕಾಯಿ.

ತುದಿ ಮುರಿದು ತಲೆಕೆಳಗು ಮಾಡಿದೆ. ಕಪ್ಪು ಬೀಜ ಪಟಪಟ ಉದುರಿದವು, ಮೊರದ ತುಂಬಾ. ಒಂದೇ ಕಾಯಿಯಲ್ಲಿ ಅಷ್ಟೊಂದು! ಅಂಗಡಿ ಪ್ಯಾಕೆಟ್ಟಿನಲ್ಲಿ ಎಣಿಸಿ ಹಾಕಿರುತ್ತಾರಲ್ವಾ, ಅದು ನೆನಪಾಗಿ ನಗು ಬಂತು.

ಪಕ್ಕದ ಮನೆ ಅತ್ತೆ ಬಂದರು. "ನಂಗೂ ನಾಲ್ಕು ಕೊಡಪ್ಪ" ಅಂದವರು, ಆಮೇಲೆ ಮೆಲ್ಲಗೆ, "ಹಿಂಗೆ ಬೀಜ ಕೊಡೋಕೂ ಲೈಸೆನ್ಸ್ ಬೇಕಂತೆ, ಹೌದಾ?" ಅಂತ ಕೇಳಿದರು.

ಇಲ್ಲ ಅತ್ತೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಸೆಕ್ಷನ್ ನೋಡಿ. ರೈತ ತನ್ನ ಬೀಜ ಎತ್ತಿಡಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ನೋಂದಾಯಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ.

ನಾನು ಇಷ್ಟೆಲ್ಲ ಹೇಳುವಷ್ಟರಲ್ಲಿ ಅಮ್ಮ ಒಂದು ಹಿಡಿ ಪೇಪರಿನಲ್ಲಿ ಕಟ್ಟಿ ಅವರ ಕೈಗೆ ಇಟ್ಟಾಗಿತ್ತು. ಸೆಕ್ಷನ್ ಗಿಕ್ಷನ್ ಯಾರಿಗೆ ಬೇಕು! "ಬೂದಿ ಬೆರೆಸಿ ಇಡಮ್ಮ, ಹುಳ ಬೀಳಲ್ಲ" ಅಂದಳು.

ಸಂಜೆ ಅತ್ತೆ ಮನೆಯಿಂದ ಒಂದು ಲೋಟ ಅವರೆ ಬೀಜ ಬಂತು. ಬೆನ್ನುಜ್ಜೋಕೆ ಹೀರೆ ನಾರು ಬಚ್ಚಲು ಸೇರಿದೆ.