ಮ್ಯಾಸಿ ಮೂತಿ ಮೇಲೆ ಜಂಬೂಸವಾರಿ

ನಾನು ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿದಿದ್ದು ಆರನೇ ಕ್ಲಾಸಲ್ಲಿ, ಆದ್ರೆ ಅದಕ್ಕೂ ಎರಡು ವರ್ಷ ಮುಂಚೆಯಿಂದ್ಲೇ ಅದರ ಮೇಲೆ ತೂಕದ ಕಲ್ಲಾಗಿ ಡ್ಯೂಟಿ ಮಾಡ್ತಿದ್ದೆ. ನಗಬೇಡಿ, ನಿಜ. ಮಂಡ್ಯ ಕಡೆ ಕಬ್ಬಿನ ಲೋಡ್ ನೋಡಿರೋರಿಗೆ ಗೊತ್ತು, ಎರಡು ಚಕ್ರದ ಟ್ರೇಲರ್‌ಗೆ ಕಬ್ಬು ಒಟ್ಟಿ ನಾಲೆ ಏರಿ ಹತ್ತಿಸುವಾಗ ಭಾರ ಎಲ್ಲ ಹಿಂದಕ್ಕೆ ಬಿದ್ದು ಇಂಜಿನ್ ಮೂತಿ ಮೇಲಕ್ಕೇಳುತ್ತೆ, ಮುಂದಿನ ಚಕ್ರ ಗಾಳೀಲಿದ್ರೆ ಸ್ಟೇರಿಂಗ್ ತಿರುಗಿಸಿ ಏನು ಬಂತು. ಅದಕ್ಕೆ ಬಂಪರ್ ಮೇಲೆ ಎರಡು ಸೈಜುಗಲ್ಲು ಹೇರೋರು, ಅದೂ ಸಾಲ್ದಿದ್ರೆ ನನ್ನನ್ನೂ ಚಿಕ್ಕಪ್ಪನ ಮಗನ್ನೂ ಕೂರ್ಸೋರು. ಇಬ್ರೂ ಸೇರಿ ಐವತ್ತು ಕೆಜಿ ಇದ್ವೋ ಇಲ್ವೋ. ಈಗ ನೆನೆಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ, ಆವಾಗ ನಮ್ಗೆ ಅದೇ ಜಂಬೂಸವಾರಿ.

ನಮ್ದು ಮ್ಯಾಸಿ ಫರ್ಗ್ಯುಸನ್ ಕಂಪ್ನಿ 1035 ಟ್ರ್ಯಾಕ್ಟರು, ಮೂರು ಸಿಲಿಂಡರು, ಸೆಕೆಂಡ್ ಹ್ಯಾಂಡು. ಬ್ಯಾಟರಿ ಯಾವಾಗ್ಲೂ ವೀಕು, ಹಾಗಾಗಿ ರಾತ್ರಿ ಮಾರಿಗುಡಿ ಮುಂದಿನ ಇಳಿಜಾರಲ್ಲೇ ನಿಲ್ಸೋದು, ಬೆಳಿಗ್ಗೆ ಚಕ್ರದ ಕಲ್ಲು ಎಳೆದು ಉರುಳಿಸಿ ಕ್ಲಚ್ ಬಿಟ್ರೆ ಊರಿಗೆಲ್ಲ ಅಲಾರಾಂ.

ಆ ವರ್ಷ ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟು ವಾರ ಆಗಿತ್ತು. (ತಾತ ಕೊನೇವರ್ಗೂ ಅದನ್ನ ಇರ್ವಿನ್ ನಾಲೆ ಅಂತ್ಲೇ ಕರೆದ್ರು, ವಿಶ್ವೇಶ್ವರಯ್ಯ ನಾಲೆ ಅಂದ್ರೆ ಯಾವ್ದಪ್ಪ ಅದು ಅನ್ನೋರು.) ಅಪ್ಪ ಕೇಜ್ ವೀಲ್, ಅಂದ್ರೆ ಕೆಸರಿಗೆ ಅಂತ್ಲೇ ಇರೋ ಕಬ್ಬಿಣದ ಪಟ್ಟಿ ಚಕ್ರ ಹಾಕಿ ಕೆಸರು ಹೊಡೀತಿದ್ರು, ನಾನು ಮಡ್‌ಗಾರ್ಡ್ ಮೇಲೆ. ಇದ್ದಕ್ಕಿದ್ದಂಗೆ "ಬಾರ್ಲಾ, ಒಸಿ ಹಿಡ್ಕೊ, ಎಲೆಅಡಿಕೆ ಹಾಕೊಂಡ್ ಬತ್ತೀನಿ" ಅಂದು ಇಳಿದೇ ಬಿಟ್ರು. ಗೇರು ಫಸ್ಟ್‌ನಲ್ಲಿತ್ತು, ಕೈ ಆಕ್ಸಿಲರೇಟರ್ ಸೆಟ್ ಆಗಿತ್ತು, ನಾನು ಮಾಡ್ಬೇಕಾಗಿದ್ದು ನೆಟ್ಟಗೆ ಹೋಗೋದು ಅಷ್ಟೇ. ಕ್ಲಚ್ ತುಳಿಯೋಕೆ ಸೀಟಿಂದ ಎದ್ದು ಸ್ಟೇರಿಂಗ್ ಹಿಡ್ಕೊಂಡು ಎರಡೂ ಕಾಲಲ್ಲಿ ನಿಂತ್ಕೊಬೇಕು, ಅದು ಬೇರೆ ವಿಷ್ಯ.

ನೆಟ್ಟಗೆ ಏನೋ ಹೋದೆ. ಆದ್ರೆ ಗದ್ದೆ ಅಂದ್ಮೇಲೆ ಕೊನೇಲಿ ಬದು ಇರುತ್ತಲ್ಲ.

ಕೆಸರಲ್ಲಿ ಸ್ಟೇರಿಂಗ್ ಮಾತು ಕೇಳಲ್ಲ, ಮುಂದಿನ ಚಕ್ರ ಸೋಪಿನ ಥರ ಜಾರುತ್ತೆ. ಅದಕ್ಕೇ ಟ್ರ್ಯಾಕ್ಟರ್‌ಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಇರೋದು. ರೋಡಲ್ಲಿ ಎರಡನ್ನೂ ಸೇರಿಸಿ ಕೊಂಡಿ ಹಾಕ್ಬೇಕು, ಗದ್ದೇಲಿ ಬಿಚ್ಬೇಕು, ಎಡಕ್ಕೆ ತಿರುಗಿಸ್ಬೇಕಂದ್ರೆ ಎಡಗಡೇದು ಮಾತ್ರ ಒತ್ತಿದ್ರೆ ಆ ಚಕ್ರ ನಿಂತು ಗಾಡಿ ಅಲ್ಲೇ ಸುತ್ತುತ್ತೆ. ಇದನ್ನ ಅಪ್ಪ ನೂರು ಸಲ ಹೇಳಿದ್ರು. ನಾನು ಬಲಗಡೇದು ಒತ್ತಿದೆ. ಮ್ಯಾಸಿ ಗಿರ್ ಅಂತ ತಿರುಗಿ, ಬದು ಮುರ್ಕೊಂಡು, ಹಿಂದಿನ ದಿನ ತಾನೇ ನಾಟಿ ಆಗಿದ್ದ ದೊಡ್ಡಪ್ಪನ ಗದ್ದೆಗೆ ನುಗ್ತು. ನಾಟಿ ಹೆಂಗಸ್ರು ಕೂಗ್ತಿದ್ದಾರೋ ನಗ್ತಿದ್ದಾರೋ ಒಂದೂ ಗೊತ್ತಾಗ್ಲಿಲ್ಲ, ಅಪ್ಪ ಕೆಸರಲ್ಲಿ ಓಡಿಬಂದು ಹತ್ತಿ ಆಫ್ ಮಾಡೋವಷ್ಟರಲ್ಲಿ ಎರಡು ಮಾರು ಪೈರು ಮುಗಿದಿತ್ತು.

ಏಟು ಬೀಳುತ್ತೆ ಅಂತ ಕಣ್ಣು ಮುಚ್ಕೊಂಡೆ. ದೊಡ್ಡಪ್ಪ ಬಂದು ನೋಡಿ, "ನಂದು ಉಳುಮೆ ಆಗೋಗದೆ ಕಣ್ಲಾ ಮಗ, ಮುಂದಿನ್ ವರ್ಷ ಬಾ" ಅಂದ್ರು ಅಷ್ಟೇ. ಅಪ್ಪ ಏನೂ ಮಾತಾಡ್ದೆ ಮಿಕ್ಕ ಪೈರಿನ ಕಟ್ಟು ತಂದು ನನ್ನ ಕೈಗಿಟ್ರು. ಅವ್ವನ ಜೊತೆ ಬಗ್ಗಿ ಸಂಜೆವರ್ಗೂ ನೆಟ್ಟೆ, ಸೊಂಟ ಬಿದ್ದೋಯ್ತು.

ಕೊಯ್ಲಿನವರ್ಗೂ ಆ ಸಾಲುಗಳು ಸೊಟ್ಟಗೇ ನಿಂತಿದ್ವು. ದೊಡ್ಡಪ್ಪ ಬಂದೋರ್ಗೆಲ್ಲ ಕೈ ತೋರ್ಸಿ, "ಇದು ನಮ್ಮ ಡ್ರೈವರ್ ನೆಟ್ಟಿರದು" ಅನ್ನೋರು.